ಒಂದು ಕಣ್ಣಿಗೆ ಮೂರು ಕನ್ನಡಕ

ಕನ್ನಡಕಗಳು ಬಂದದ್ದು ಶಟಲ್ ಕಾಕಿನ ಖಾಲಿ ಡಬ್ಬದಲ್ಲಿ. ಸಾಗರದಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿರುವ ನನ್ನ ತಮ್ಮ ಅದಕ್ಕೆ ಹಗ್ಗ ಬಿಗಿದು, ರಿಪ್ಪನ್‌ಪೇಟೆಗೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ನನಗೆ ಫೋನ್ ಮಾಡಿದ್ದ. ನಮ್ಮ ಕಡೆ ಹೀಗೆಯೇ. ಔಷಧಿ, ಮದುವೆ ಕಾಗದ, ಉಪ್ಪಿನಕಾಯಿ, ರಿಪೇರಿಯಾದ ಮಿಕ್ಸಿ ಎಲ್ಲವೂ ಬಸ್ಸಿನಲ್ಲಿ ಸೀಟು ಹಿಡಿದು ಬರುತ್ತವೆ.

"ಅಕ್ಕ, ಮೂರು ಕೂಲಿಂಗ್ ಗ್ಲಾಸ್ ಇದಾವೆ. ಒಂದು ಗುಡ್ಡ ತಿರುಗೋಕೆ, ಒಂದು ಬಂಡೆ ಹತ್ತೋಕೆ, ಒಂದು ಗಾಡಿ ಓಡ್ಸೋಕೆ. ಕಂಪನಿಯವ್ರು ಸ್ಯಾಂಪಲ್ ಕೊಟ್ಟಿದಾರೆ. ಕೊಡಚಾದ್ರಿಗೆ ಬರೋ ಟೂರಿಸ್ಟ್‌ಗಳಿಗೆ ಮಾರ್ಬಹುದಾ ಅಂತ ನೋಡ್ಬೇಕು. ಬಾವಂಗೆ ಹಾಕ್ಕೊಂಡು ನೋಡಿ ಹೇಳೋಕೆ ಹೇಳು. ನಡೆಯೋದು, ಹತ್ತೋದು, ಓಡ್ಸೋದು ಮೂರನ್ನೂ ದಿನಾ ಮಾಡೋರು ಬಾವ ಒಬ್ರೇ."

ಅವನು ಹೇಳದೆ ಬಿಟ್ಟ ಮಾತೂ ನನಗೆ ಕೇಳಿಸಿತು. ನನ್ನ ಗಂಡನಿಗೆ ಇರುವುದು ಒಂದೇ ಕಣ್ಣು. ಆ ಕಣ್ಣಿಗೊಂದು ರಕ್ಷಣೆ ಇರಲಿ ಎಂದು ಕನ್ನಡಕ ತಂದುಕೊಟ್ಟರೆ ಅವರು ಮುಟ್ಟುವವರಲ್ಲ. ಪರೀಕ್ಷೆ ಮಾಡಿ ಕೊಡಿ ಎಂದು ಕೇಳಿದರೆ ಇಲ್ಲ ಎನ್ನುವವರೂ ಅಲ್ಲ. ತಮ್ಮನಿಗೆ ಬುದ್ಧಿ ಕಡಿಮೆ ಎಂದು ಚಿಕ್ಕಂದಿನಿಂದ ಬೈದುಕೊಂಡು ಬಂದವಳು ನಾನು, ಅವತ್ತು ಆ ಮಾತನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

ರಿಪ್ಪನ್‌ಪೇಟೆಯ ಸುತ್ತಲಿನ ಹಳ್ಳಿಗಳಿಗೆ ಇಂಟರ್ನೆಟ್ಟಿನ ಕೇಬಲ್ ಎಳೆದುಕೊಡುವುದು ಇವರ ಕೆಲಸ. ಮೊಬೈಲಿನಲ್ಲಿ ಎರಡು ಗೆರೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕಾದ ಊರುಗಳು ಅವು. ಅಲ್ಲಿಗೆ ಕಂಬದಿಂದ ಕಂಬಕ್ಕೆ, ಕಂಬವಿಲ್ಲದ ಕಡೆ ಮರದಿಂದ ಮರಕ್ಕೆ ಕಪ್ಪು ಕೇಬಲ್ ಕಟ್ಟಿಕೊಂಡು ಹೋಗುತ್ತಾರೆ. ಕೇಬಲಿನ ಹೊಟ್ಟೆಯೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳಿರುತ್ತವೆ, ಒಂದೊಂದಕ್ಕೆ ಒಂದೊಂದು ಬಣ್ಣ. ಗಾಳಿಗೆ ಮರ ಬಿದ್ದರೆ, ಮಂಗಗಳು ಜೋತಾಡಿದರೆ ಎಳೆ ತುಂಡಾಗುತ್ತದೆ, ನೆಟ್ ಹೋಗುತ್ತದೆ. ಆಗ ಎಲ್ಲರೂ ನಮ್ಮ ಮನೆಗೆ ಫೋನ್ ಮಾಡುತ್ತಾರೆ. ಎತ್ತಿ ಬೈಸಿಕೊಳ್ಳುವವಳು ನಾನು, ಹೋಗಿ ಎಳೆ ಜೋಡಿಸುವವರು ಅವರು.

ಎಡಗಣ್ಣು ಹೋದದ್ದೂ ಈ ಕೆಲಸದಲ್ಲೇ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಕೇಬಲಿನ ಮೇಲೆ ಬಿದ್ದ ಬಿದಿರು ಕಡಿಯುತ್ತಿದ್ದಾಗ ಬಾಗಿದ್ದ ಗಳ ಚಿಮ್ಮಿ, ಮುಳ್ಳು ಕಣ್ಣಿಗೆ ಗೀರಿತು. ಮನೆಗೆ ಬಂದ ಇವರು ಕಣ್ಣಿಗೆ ಕಸ ಬಿದ್ದಿದೆ ಎಂದರು. ಅತ್ತೆ ಹಿತ್ತಿಲಿನಿಂದ ನಂದಿಬಟ್ಟಲು ಹೂವು ಕೊಯ್ದು ತಂದು, ನೀರಿನಲ್ಲಿ ನೆನೆಸಿ, ಕಣ್ಣಿಗೆ ಹಿಂಡಿದರು. ಕಣ್ಣುರಿ ಎಂದರೆ ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ, ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ತಂಪಾಯಿತು ಎಂದು ಇವರು ಮಾರನೆಯ ದಿನ ಕೆಲಸಕ್ಕೂ ಹೋದರು. ಕಣ್ಣಿನ ಕಪ್ಪು ಬೆಳ್ಳಗಾಗತೊಡಗಿದ ಮೇಲೆ ಆಸ್ಪತ್ರೆಗೆ ಓಡಿದೆವು. ಮುಳ್ಳಿನ ಜೊತೆ ಬೂಷ್ಟು ಒಳಗೆ ಹೋಗಿದೆ, ತಡವಾಗಿದೆ ಎಂದರು.

ಅತ್ತೆ ಹಿತ್ತಿಲಿಗೆ ಹೋಗಿ ಆ ನಂದಿಬಟ್ಟಲು ಗಿಡವನ್ನು ಬುಡಸಮೇತ ಕಡಿದು ಹಾಕಿದರು. ಆಮೇಲೆ ಒಂದು ಗಾದೆ ಹಿಡಿದುಕೊಂಡರು. ಅಕ್ಕಿ ಆರಿಸುವಾಗ, ಬೆಳ್ಳುಳ್ಳಿ ಸುಲಿಯುವಾಗ ತಮ್ಮಷ್ಟಕ್ಕೆ ತಾವೇ "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ" ಎನ್ನುತ್ತಿದ್ದರು. ಇವರು ಅತ್ತೆಗೆ ಒಬ್ಬನೇ ಮಗ. ಗಾದೆಯ ಎರಡು ಅರ್ಧವೂ ನಮ್ಮ ಮನೆಯಲ್ಲೇ ಊಟ ಮಾಡುತ್ತಿತ್ತು. ಆ ಗಾದೆ ಕಟ್ಟಿದವನು ಸಿಕ್ಕರೆ ನಾಲ್ಕು ಮಾತು ಕೇಳುವುದು ನನ್ನ ಮನಸ್ಸಿನಲ್ಲಿ ಬಾಕಿ ಇದೆ.

ನಾನು ಮೊದಲೇ ಹೆದರುಪುಕ್ಕಲಿ. ಅದಾದ ಮೇಲಂತೂ ಲೋಕದಲ್ಲಿ ಚೂಪಾಗಿರುವುದು ಮಾತ್ರ ನನ್ನ ಕಣ್ಣಿಗೆ ಬೀಳತೊಡಗಿತು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕೊಡೆ ಬಿಚ್ಚಿದರೆ ಅದರ ಕಡ್ಡಿಯ ತುದಿ, ಮದುವೆ ಮನೆಯಲ್ಲಿ ಎರಚುವ ಅಕ್ಷತೆ, ದೀಪಾವಳಿಯ ಸುರುಸುರುಬತ್ತಿ. ಬಟ್ಟೆ ಒಣಹಾಕುವ ತಂತಿಯನ್ನು ಅವರ ತಲೆಗೆ ತಾಗದಷ್ಟು ಎತ್ತರಕ್ಕೆ ಕಟ್ಟಿಸಿ, ನಾನು ಸ್ಟೂಲು ಹತ್ತಿ ಬಟ್ಟೆ ಹಾಕುತ್ತಿದ್ದೆ. ಡ್ರೈವಿಂಗ್ ಕಲಿತದ್ದೂ ಹೆದರಿಕೆಯಿಂದಲೇ. ಲೈಸೆನ್ಸ್ ಬಂದಮೇಲೆ ಪೆಟ್ರೋಲ್ ಬಂಕಿನವರೆಗೆ ಹೋಗಿ ಬಂದದ್ದು ಬಿಟ್ಟರೆ ನಮ್ಮ ಜೀಪಿನ ಸ್ಟೇರಿಂಗ್ ಮುಟ್ಟಿರಲಿಲ್ಲ. ಅವರು ಓಡಿಸುವಾಗ ಪಕ್ಕದಲ್ಲಿ ಕೂತು, ಬಾಗಿಲಿನ ಮೇಲಿನ ಹಿಡಿಕೆ ಹಿಡಿದು, ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುವುದು ನನ್ನ ಕೆಲಸವಾಗಿತ್ತು.

ಹಾಗಾಗಿ ಆ ಡಬ್ಬ ಬಿಚ್ಚಿದಾಗ ನನಗೆ ಆದ ಸಂತೋಷ ಹೇಳಲಾರೆ. ಮೂರೂ ಕನ್ನಡಕ ಕೆನ್ನೆಯವರೆಗೆ ಬಾಗಿ ಕಣ್ಣನ್ನು ಪಕ್ಕದಿಂದಲೂ ಮುಚ್ಚುವಂಥವು. ಗುಡ್ಡದ್ದು ಬೂದು ಬಣ್ಣದ ಗಾಜು, ಬಂಡೆಯದ್ದು ಕಂದು, ಗಾಡಿಯದ್ದು ತಿಳಿ ಹಳದಿ. ಇವರು ಹಾಕಿಕೊಂಡು ಕನ್ನಡಿ ನೋಡಿ, "ಈ ವಯಸ್ಸಲ್ಲಿ ಹೀರೋ ಮಾಡಿಬಿಟ್ನಲ್ಲ ನಿನ್ ತಮ್ಮ" ಎಂದರು. ಅತ್ತೆ ಹತ್ತಿರ ಬಂದು ಬೆರಳಿನ ಗೆಣ್ಣಿನಿಂದ ಗಾಜಿನ ಮೇಲೆ ಟಕಟಕ ಬಡಿದು ನೋಡಿದರು. ಗಟ್ಟಿ ಇದೆ ಎಂದು ಒಳಗೆ ಹೋದರು.

ಮೊದಲ ಪರೀಕ್ಷೆಗೆ ಕವಲೇದುರ್ಗಕ್ಕೆ ಹೋದೆವು. ಟೂರಿಸ್ಟ್‌ಗಳು ಹೋಗುವ ಜಾಗದಲ್ಲೇ ನೋಡಬೇಕು ಎಂದು ತಮ್ಮ ಹೇಳಿದ್ದ. ಮಳೆ ಮುಗಿದು ಬಿಸಿಲು ಬಿದ್ದಿತ್ತು, ಆದರೆ ಕೋಟೆಯ ದಾರಿಯ ಹಾಸುಗಲ್ಲುಗಳ ಮೇಲೆ ಗುಡ್ಡದಿಂದ ಒಸರಿದ ನೀರು ಇನ್ನೂ ತೆಳ್ಳಗೆ ಹರಿಯುತ್ತಿತ್ತು. ಇವರು ಬೂದು ಕನ್ನಡಕ ಹಾಕಿ ಮುಂದೆ, ನಾನು ಹಿಂದೆ. "ಎಂಥಾ ಚೆನ್ನಾಗಿದೆ ಗೊತ್ತಾ, ಕಣ್ಣಿಗೆ ನೆರಳು ಕಟ್ಟಿದ್ಹಂಗೆ" ಎಂದು ಹೇಳುತ್ತ ಸಲೀಸಾಗಿ ನಡೆದರು. ಎರಡನೆಯ ಬಾಗಿಲು ದಾಟಿ ಸ್ವಲ್ಪ ಮುಂದೆ ಹೋಗಿರಬೇಕು, ಕಾಲು ಜಾರಿ ದಡಕ್ಕನೆ ಕೂತರು. ನನ್ನ ಬಾಯಿಂದ ಬಂದ ಕೂಗಿಗೆ ಮೇಲಿದ್ದ ಕಾಲೇಜು ಹುಡುಗಿಯರು ಇಳಿದು ಬಂದರು. ಅಂಗೈ ತರಚಿತ್ತು, ಬೇರೆ ಏನೂ ಆಗಿರಲಿಲ್ಲ.

"ಕಲ್ಲು ಒಣಗಿದ್ಹಂಗೆ ಕಾಣಿಸ್ತು ಮಾರಾಯ್ತಿ" ಎಂದರು ಅವರು, ಕೂತಲ್ಲಿಂದಲೇ.

ನಾನು ಕನ್ನಡಕ ಇಸಕೊಂಡು ಹಾಕಿ ನೋಡಿದೆ. ನಿಜವೇ. ಕಣ್ಣಮುಂದೆ ನೀರು ಹರಿಯುತ್ತಿದ್ದ ಕಲ್ಲು ಒಣ ಕಲ್ಲಾಗಿತ್ತು. ತೆಗೆದರೆ ಅದರ ಮೇಲೆ ಹಾವಸೆ ಪಳಪಳ ಹೊಳೆಯುತ್ತದೆ. ಹಾಕಿದರೆ ಹೊಳಪೇ ಇಲ್ಲ. ನಮ್ಮ ಕಡೆ ಹುಟ್ಟಿದವರು ಕಲ್ಲನ್ನು ನೋಡಿ ಕಾಲಿಡುವುದಿಲ್ಲ, ಕಲ್ಲಿನ ಮೇಲಿನ ಹೊಳಪು ನೋಡಿ ಕಾಲಿಡುತ್ತಾರೆ. ಹೊಳೆಯುವ ಕಡೆ ಜಾರುತ್ತದೆ ಎಂಬುದು ನಡೆಯಲು ಕಲಿಯುವಾಗಲೇ ಪಾದಕ್ಕೆ ಗೊತ್ತಾಗಿರುತ್ತದೆ. ಒಂದು ಕಣ್ಣಿನಿಂದ ಎತ್ತರ ತಗ್ಗು ಸರಿಯಾಗಿ ತಿಳಿಯದ ಇವರಿಗಂತೂ ಆ ಹೊಳಪೇ ಊರುಗೋಲು.

ಅಲ್ಲಿಂದಲೇ ತಮ್ಮನಿಗೆ ಫೋನ್ ಹಚ್ಚಿದೆ. "ಅದು ಪೋಲರೈಸ್ಡ್ ಅಕ್ಕ. ನೀರಿನ ಮೇಲಿನ ಹೊಳಪು ಕಣ್ಣಿಗೆ ಹೊಡೀಬಾರ್ದು ಅಂತ್ಲೇ ಹಂಗೆ ಮಾಡಿರ್ತಾರೆ" ಎಂದ.

"ಹೊಳಪು ತೆಗೆದ್ರೆ ಯಾವ ಕಲ್ಲು ಜಾರ್ತದೆ ಅಂತ ಗೊತ್ತಾಗೋದು ಹೆಂಗೋ? ನಿನ್ ಕಂಪನಿಯವ್ರು ಮಳೆ ನೋಡಿದಾರಾ?" ಎಂದು ಬೈದು ಫೋನ್ ಇಟ್ಟೆ.

ಬೈದೆನಾದರೂ ಒಳಗೊಳಗೇ ಸಮಾಧಾನವಾಗಿತ್ತು. ತಪ್ಪು ಗಾಜಿನದು, ಕಣ್ಣಿನದಲ್ಲ. ಅವರು ಹೇಳಿದ್ದನ್ನು ನಾನೂ ಹಾಕಿ ನೋಡಿದ್ದೇನೆ, ಸರಿಯಾಗಿಯೇ ಹೇಳಿದ್ದಾರೆ. ಮುಂದೆ ನಡೆದದ್ದಕ್ಕೆಲ್ಲ ಈ ಸಮಾಧಾನವೇ ಕಾರಣ.

ಎರಡನೆಯ ಕನ್ನಡಕದ ಪರೀಕ್ಷೆಗೆ ಬಂಡೆ ಹುಡುಕಿಕೊಂಡು ಹೋಗಲಿಲ್ಲ. ಇವರು ಹತ್ತುವುದು ಮರ, ಅದೇ ಸಾಕು ಎಂದರು. ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ ಕೇಬಲ್ ಜೋತು ಬಿದ್ದಿತ್ತು. ನಾನೂ ಹೋಗಿ ಕೆಳಗೆ ಏಣಿ ಹಿಡಿದು ನಿಂತೆ. ಇವರು ಸೊಂಟಕ್ಕೆ ಬೆಲ್ಟ್ ಕಟ್ಟಿ, ಕಂದು ಕನ್ನಡಕ ಹಾಕಿ ಮತ್ತಿಮರ ಹತ್ತಿದರು. ಮೇಲೆ ಹೋದಮೇಲೆ ಬಹಳ ಹೊತ್ತು ಕೈಚಾಚುವುದು, ಹಿಂದೆಗೆಯುವುದು ಮಾಡುತ್ತಿದ್ದರು. ಸಿಕ್ಕದ ಸೊಳ್ಳೆ ಹಿಡಿಯುವವರ ಹಾಗಿತ್ತು. ನಾನು ಏಣಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಆಮೇಲೆ ಬೆರಳು ಬಿಡಿಸಲಿಕ್ಕೆ ಬರಲಿಲ್ಲ.

"ಏನಾಯ್ತ್ರಿ?" ಎಂದು ಕೂಗಿದೆ.

"ಆಕಾಶದ ಬೆಳಕು ಗಾಜಿನಲ್ಲಿ ಒಡೆದು ಚೆಲ್ತದೆ. ಒಂದು ಕೇಬಲ್ ಎರಡಾಗಿ ಕಾಣ್ತದೆ. ಯಾವ್ದನ್ನ ಹಿಡೀಬೇಕು ಗೊತ್ತಾಗ್ತಾ ಇಲ್ಲ."

ಇಳಿದು ಬಂದ ಮೇಲೆ ಆ ಕನ್ನಡಕವನ್ನು ನಾನು ಹಾಕಿ ನೋಡಲಿಲ್ಲ. ಮೊದಲನೆಯದರಲ್ಲಿ ದೋಷ ಇತ್ತಲ್ಲ, ಇದರಲ್ಲೂ ಇರುತ್ತದೆ ಎಂದುಕೊಂಡೆ. ತಮ್ಮನಿಗೆ ಹೇಳಿದೆ. ಅವನು ಅದೇ ಥರದ ಇನ್ನೊಂದನ್ನು ಬಸ್ಸಿಗೆ ಹಾಕಿದ. ಅದರಲ್ಲೂ ಬೆಳಕು ಒಡೆಯಿತು, ಕೇಬಲ್ ಎರಡಾಯಿತು. ತಮ್ಮನಿಗೆ ತಲೆಬಿಸಿ ಹತ್ತಿತು.

"ಅಂಗಡಿಗೆ ಬಂದ ಹುಡುಗ್ರೆಲ್ಲ ಹಾಕಿ ನೋಡಿದ್ರು ಅಕ್ಕ. ಎಲ್ರೂ ಫಸ್ಟ್ ಕ್ಲಾಸ್ ಅಂದ್ರು."

"ಅವ್ರಿಗೆ ಎರಡು ಕಣ್ಣಿದೆ" ಎಂದೆ.

ಮೂರನೆಯದು ಗಾಡಿಯ ಕನ್ನಡಕ. ಇನ್ನೊಂದು ದಿನ ಇವರು ಅದನ್ನು ಹಾಕಿಕೊಂಡು ಹೊಸನಗರದಿಂದ ವಾಪಸು ಬರುವಾಗ ಮುಸ್ಸಂಜೆಯಾಗಿತ್ತು. ಎದುರಿನಿಂದ ಬಸ್ಸು, ಮರಳಿನ ಲಾರಿ, ಬೈಕು ಎಲ್ಲವೂ ದೀಪ ಹಾಕಿಕೊಂಡು ಬರುತ್ತಿದ್ದವು. ಪ್ರತಿ ದೀಪಕ್ಕೂ ಇವರು ಜೀಪಿನ ವೇಗ ಇಳಿಸಿ, ಎಡಕ್ಕೆ ಸರಿದು, ಚರಂಡಿಯ ಅಂಚಿಗೆ ನಿಲ್ಲಿಸಿಬಿಡುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದು, ಬೈದು ಮುಂದೆ ಹೋಗುತ್ತಿದ್ದರು. ಇವರು ಯಾರ ಮೇಲೂ ತಿರುಗಿ ಬೀಳಲಿಲ್ಲ. ಬೈಸಿಕೊಂಡು ಬಿಡುವ ಸ್ವಭಾವ ಅವರದಲ್ಲ.

"ಲೈಟಿನ ಸುತ್ತ ದೊಡ್ಡ ಬಳೆ ಕಾಣ್ತದೆ. ಬಣ್ಣಬಣ್ಣದ್ದು. ರಸ್ತೆನೇ ಕಾಣಲ್ಲ" ಎಂದರು. "ಮೂರೂ ಪ್ರಯೋಜನ ಇಲ್ಲ ಅಂತ ಹೇಳು ನಿನ್ ತಮ್ಮಂಗೆ. ಪಾಪ, ಹೋಗಿ ಹೋಗಿ ಇದನ್ನ ಮಾರೋಕೆ ಹೊರಟಿದಾನೆ."

ಹೇಳಿದೆ. ತಮ್ಮ ಬೇಜಾರಿನಲ್ಲಿ, ಕಂಪನಿಗೆ ವಾಪಸು ಕಳಿಸುತ್ತೇನೆ, ಬಸ್ಸಿಗೆ ಹಾಕು ಎಂದ. ಇವತ್ತು ನಾಳೆ ಎನ್ನುತ್ತ ನಾನು ಹಾಕಿರಲಿಲ್ಲ. ಕನ್ನಡಕಗಳು ಜೀಪಿನ ಗಾಜಿನ ಹತ್ತಿರ ಬಿದ್ದಿದ್ದವು.

ಅದೇ ವಾರ ಒಂದೇ ಊರಿನ ಮೇಲುಕೇರಿ, ಕೆಳಕೇರಿ ಎರಡರಿಂದಲೂ ಫೋನ್ ಬರತೊಡಗಿತು. ಮೇಲಿನವರಿಗೆ ತಾವು ದುಡ್ಡು ಕಟ್ಟದ ದೊಡ್ಡ ಪ್ಲಾನಿನ ವೇಗ ಬರುತ್ತಿತ್ತು, ಅವರು ಸುಮ್ಮನೆ ಖುಷಿ ಪಡುವ ಬದಲು ಹೆದರಿ ಫೋನ್ ಮಾಡಿದ್ದರು. ಕೆಳಗಿನ ಮನೆಯ ಮೇಷ್ಟ್ರಿಗೆ ನೆಟ್ಟೇ ಇರಲಿಲ್ಲ. ಎರಡು ದಿನ ಮೊದಲು ಇವರು ಅಲ್ಲಿಯ ಕೇಬಲ್ ಡಬ್ಬಿ ಬಿಚ್ಚಿ ಎಳೆ ಜೋಡಿಸಿ ಬಂದಿದ್ದರು. ಎಲ್ಲೋ ಅದಲುಬದಲಾಗಿದೆ ಎಂದು ಇಬ್ಬರೂ ಹೋದೆವು.

ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತು ಇವರು ಡಬ್ಬಿ ತೆರೆದರು. ಬಿಳಿ ಎಳೆ ಕೆಳಕೇರಿಗೆ, ಹಳದಿ ಎಳೆ ಮೇಲುಕೇರಿಗೆ ಹೋಗಬೇಕು. ಅಷ್ಟೇ ಲೆಕ್ಕ. ಅದನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಅರ್ಧ ನಿದ್ದೆಯಲ್ಲಿ ಕೇಳಿದರೂ ಯಾವ ಬಣ್ಣ ಯಾವ ಊರು ಎಂದು ಹೇಳುವವರು ಅವರು. ಬಾಗಿ ನೋಡಿ, ಒಂದು ಎಳೆಯನ್ನು ಉಗುರಿನ ತುದಿಯಿಂದ ಮೇಲೆತ್ತಿ, "ಬಿಳಿ ಸರಿಯಾಗೇ ಕೂತಿದೆಯಲ್ಲ" ಎಂದರು.

ನಾನು ನೋಡಿದೆ. ಅದು ಹಳದಿ. ಅರಿಶಿನದಷ್ಟು ಹಳದಿ.

"ಅದು ಹಳದಿ ಅಲ್ವಾ?"

"ಥೂ, ಈ ದರಿದ್ರ ಕನ್ನಡಕದ ಬಣ್ಣಕ್ಕೆ ಹಿಂಗಾಗ್ತದೆ" ಎನ್ನುತ್ತ ಅವರು ಕನ್ನಡಕ ತೆಗೆಯಲು ಮುಖಕ್ಕೆ ಕೈ ಹಾಕಿದರು.

ಮುಖದ ಮೇಲೆ ಕನ್ನಡಕ ಇರಲಿಲ್ಲ. ಬೆರಳು ಕೆನ್ನೆ, ಹುಬ್ಬು, ಕಿವಿಯ ಹತ್ತಿರ ಎಲ್ಲ ಹುಡುಕಿ, ಹಾಗೇ ಅಲ್ಲಿ ನಿಂತಿತು. ಜಗಲಿಯ ಅಂಚಿನಲ್ಲಿ ಮೇಷ್ಟ್ರ ಹೆಂಡತಿ ಕಾಫಿ ಲೋಟ ಹಿಡಿದು ನಿಂತಿದ್ದರು. ಇವರು ನನ್ನ ಕಡೆ ನೋಡಿದರು. ನಾನು ಎಳೆಯ ಕಡೆ ನೋಡಿದೆ. ಬಿಳಿ ಎಳೆಯನ್ನು ನಾನು ತೋರಿಸಿಕೊಟ್ಟೆ, ಅವರು ಜೋಡಿಸಿದರು. ಮೇಷ್ಟ್ರಿಗೆ ನೆಟ್ ಬಂತು.

ಮನೆಗೆ ಬಂದು, ಅವರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ನಾನು ಜೀಪಿನಿಂದ ಕನ್ನಡಕಗಳನ್ನು ತೆಗೆದುಕೊಂಡು ಬಂದೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಒಂದೊಂದಾಗಿ ಹಾಕಿ, ಅಡಿಗೆಮನೆಯ ಬಲ್ಬನ್ನು ನೋಡಿದೆ. ಬಳೆ ಇಲ್ಲ. ಕಿಟಕಿಯಾಚೆಯ ತಂತಿ ನೋಡಿದೆ. ಒಂದೇ ಇದೆ. ಗಾಜಿನಲ್ಲಿ ಬೆಳಕು ಒಡೆಯಲೂ ಇಲ್ಲ, ಚೆಲ್ಲಲೂ ಇಲ್ಲ. ನನ್ನ ತಮ್ಮ ಕಳಿಸಿದ್ದು ಒಳ್ಳೆಯ ಮಾಲೇ. ನಾವು ಪರೀಕ್ಷೆ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು, ಕನ್ನಡಕಗಳೇ ಇವರ ಕಣ್ಣಿನ ಪರೀಕ್ಷೆ ಮಾಡುತ್ತಿದ್ದವು. ಅಕ್ಕಿ ಡಬ್ಬದ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ, ಭಯವಾಯಿತು. ಭಯ ಎಂದರೆ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದವಳು ನಾನು. ಅಲ್ಲಿಯವರೆಗೆ ನಾನು ಹೆದರಿದ್ದೆಲ್ಲ ಹೊರಗಿನಿಂದ ಬರುವ ಮುಳ್ಳಿಗೆ, ಕೊಡೆಯ ಕಡ್ಡಿಗೆ. ಒಳಗಿನಿಂದಲೇ ಬರುವುದಕ್ಕೆ ಯಾವ ತಂತಿಯನ್ನು ಎತ್ತಿ ಕಟ್ಟಲಿ?

ತೀರ್ಥಹಳ್ಳಿಯ ಕಣ್ಣಿನ ಡಾಕ್ಟರ್ ಬಹಳ ಹೊತ್ತು ದೀಪ ಹಾಯಿಸಿ ನೋಡಿದರು. ಪೊರೆ ಬಂದಿದೆ ಎಂದರು. ವಯಸ್ಸಿಗೆ ಮೊದಲೇ ಬಂದಿದೆ, ಕೆಲವರಿಗೆ ಬರುತ್ತದೆ.

"ಆಪರೇಷನ್ ಏನೂ ದೊಡ್ಡದಲ್ಲ. ದಿನಾ ಮಾಡ್ತೀವಿ. ಆದ್ರೆ ಇವ್ರಿಗೆ ಇರೋದು ಇದೊಂದೇ. ಎಲ್ಲಾ ಸರಿ ಹೋಗ್ತದೆ, ಆದ್ರೂ ನೂರಕ್ಕೆ ನೂರು ಅಂತ ಯಾವ ಡಾಕ್ಟ್ರೂ ಬರೆದುಕೊಡಲ್ಲ. ಮನೇಲಿ ಮಾತಾಡಿ ಬನ್ನಿ" ಎಂದರು.

ಅವರು ನಯವಾಗಿಯೇ ಹೇಳಿದರು. ನನಗೆ ಮಾತ್ರ ವಾಪಸು ಬರುವಾಗ ದಾರಿಯುದ್ದಕ್ಕೂ ಆ ಒಂದು 'ಆದ್ರೂ' ಮಾತ್ರ ಕೇಳಿಸುತ್ತಿತ್ತು.

ಮನೆಯಲ್ಲಿ ಮಾತು ಶುರುವಾಗುವ ಮೊದಲೇ ಇವರು ಮುಗಿಸಿಬಿಟ್ಟರು. "ಬೇಡ. ಇಷ್ಟಾದ್ರೂ ಕಾಣ್ತದಲ್ಲ, ಸಾಕು. ಬಣ್ಣ ನೀನು ಹೇಳು, ನಾನು ಜೋಡಿಸ್ತೀನಿ."

ಅತ್ತೆ, "ನಂಗೂ ಪೊರೆ ತೆಗ್ಸಿದ್ರಲ್ಲ ಮಗಾ. ಇರುವೆ ಕಚ್ಚಿದಷ್ಟೂ ಗೊತ್ತಾಗ್ಲಿಲ್ಲ" ಎಂದರು.

"ನಿಂಗೆ ಇನ್ನೊಂದಿತ್ತು ಅವ್ವ."

ಅತ್ತೆ ಎದ್ದು ಹಿತ್ತಿಲಿಗೆ ಹೋದರು. ನಂದಿಬಟ್ಟಲು ಗಿಡವಿದ್ದ ಜಾಗದಲ್ಲಿ ನಿಂತಿದ್ದರು. ಇವರಿಗೂ ತಾವು ಆಡಿದ ಮಾತು ಎಲ್ಲಿ ಹೋಗಿ ತಾಗಿತೆಂದು ಗೊತ್ತಾಗಿರಬೇಕು, ಆಮೇಲೆ ಊಟ ಸೇರಲಿಲ್ಲ.

ಮುಂದಿನ ದಿನಗಳಲ್ಲಿ ನಾನು ಅವರ ಹಿಂದೆ ನೆರಳಿನ ಹಾಗೆ ತಿರುಗಿದೆ. ಬಣ್ಣ ಹೇಳಿದೆ, ಏಣಿ ಹಿಡಿದೆ, ಎದುರು ಗಾಡಿ ಬಂದರೆ ಬಂತು ಎಂದೆ. ಮನೆಯ ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು, ಎತ್ತುವವರಿರಲಿಲ್ಲ. ನಿದ್ದೆಯಲ್ಲೂ "ಹಳದಿ, ಹಳದಿ" ಎಂದು ಕನವರಿಸುತ್ತೇನೆ ಎಂದು ಅತ್ತೆ ಹೇಳಿದರು. ಒಂದು ದಿನ ಅವರು ಮರದ ಮೇಲಿದ್ದಾಗ ಏಣಿಯ ಬುಡದಲ್ಲಿ ನನಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಅವರು ಇಳಿದು ಬೆಲ್ಟ್ ಬಿಚ್ಚುವವರೆಗೆ ಕಾದು ಹೇಳಿದೆ.

"ನಂಗೂ ಹೆದರಿಕೆ ಇದೆ. ನಿಮಗಿಂತ ಹೆಚ್ಚೇ ಇದೆ. ಆದ್ರೆ ಹಿಂಗೆ ದಿನಾ ಹೆದರೋ ಬದಲು, ಎಲ್ಲಾ ಸೇರ್ಸಿ ಒಂದೇ ದಿನ ಹೆದರಿಬಿಡೋಣ."

ಅವರು ಬೆಲ್ಟನ್ನು ಸುತ್ತಿ ಚೀಲಕ್ಕೆ ಹಾಕಿದರು. ಜೀಪು ಹತ್ತುವಾಗ, "ಆಯ್ತು. ಆದ್ರೆ ವಾಪಸ್ ಬರೋವಾಗ ಗಾಡಿ ನೀನೇ ಓಡಿಸ್ಬೇಕು. ಕಣ್ಣು ಕಟ್ಟಿರೋವಾಗ ಕಂಡೋರ ಪಕ್ಕ ಕೂರೋಕೆ ನನ್ನಿಂದ ಆಗಲ್ಲ" ಎಂದರು.

ಆಪರೇಷನ್ ದಿನ ಹೋಗುವಾಗ ಅವರು ಓಡಿಸಿದರು, ಬೆಳಗಿನ ಬೆಳಕಿನಲ್ಲಿ, ಮೆಲ್ಲಗೆ. ಒಳಗೆ ಕರೆದುಕೊಂಡು ಹೋಗುವ ಮೊದಲು ವಾಚು, ಉಂಗುರ ಬಿಚ್ಚಿ ನನ್ನ ಕೈಗೆ ಕೊಟ್ಟು, ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ನೋಡಿಟ್ಟುಕೊಳ್ಳುತ್ತಿದ್ದಾರೆ ಎಂದು ನನಗೆ ಹೊಳೆಯಿತು. ಹಾಗೆ ನೋಡಬೇಡಿ ಎಂದು ಬೈಯಬೇಕೆನ್ನಿಸಿತು. ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ಗೊತ್ತಿದ್ದ ದೇವರೆಲ್ಲ ಮುಗಿದು ಕೊನೆಗೆ ಫೈಬರಿನ ಬಣ್ಣಗಳನ್ನೇ ಹೇಳಿಕೊಳ್ಳುತ್ತಿದ್ದೆ, ನೀಲಿ, ಕಿತ್ತಳೆ, ಹಸಿರು, ಕಂದು.

ಡಾಕ್ಟರ್ ಹೊರಗೆ ಬಂದು, ಚೆನ್ನಾಗಿ ಆಗಿದೆ, ಪಟ್ಟಿಯನ್ನು ನಾಳೆ ಬೆಳಿಗ್ಗೆ ಮನೆಯಲ್ಲೇ ಬಿಚ್ಚಿ ಡ್ರಾಪ್ಸ್ ಹಾಕಿ, ನೋವು ಬಂದರೆ ಮಾತ್ರ ತಕ್ಷಣ ಬನ್ನಿ ಎಂದರು. ಚೆನ್ನಾಗಿ ಆಗಿದೆ ಎಂದರೆ ಕಾಣುತ್ತದೆ ಎಂದೇ ಅಲ್ಲವೇ ಎಂದು ಕೇಳಿದೆ. ನಕ್ಕು, ನಾಳೆ ನೀವೇ ಫೋನ್ ಮಾಡಿ ಹೇಳಿ ಎಂದರು. ಅವರ ನಗುವನ್ನೂ ನಾನು ಎರಡು ಥರ ಅರ್ಥ ಮಾಡಿಕೊಂಡೆ.

ಕಣ್ಣಿಗೆ ಪಟ್ಟಿ ಕಟ್ಟಿದ ಗಂಡನನ್ನು ಪಕ್ಕದಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಸ್ಟೇರಿಂಗ್ ಹಿಡಿದೆ. ಇಳಿಬಿಸಿಲು ಎಡಗಡೆಯಿಂದ ಮರಗಳ ಸಂದಿಯಲ್ಲಿ ಹೊಡೆಯುತ್ತಿತ್ತು. ಒಂದು ಮಾರು ಬಿಸಿಲು, ಒಂದು ಮಾರು ನೆರಳು, ಕಣ್ಣು ಕುಕ್ಕುತ್ತಿತ್ತು. ನಾನು ಮತ್ತೆ ಗಾಜಿನ ಹತ್ತಿರವೇ ತಂದಿಟ್ಟಿದ್ದ ಹಳದಿ ಕನ್ನಡಕ ಎತ್ತಿ ಹಾಕಿಕೊಂಡೆ. ರಸ್ತೆ ಸ್ಪಷ್ಟವಾಗಿ ಕಂಡಿತು. ಮೂರನೆಯ ಕನ್ನಡಕದ ಪರೀಕ್ಷೆ ನಿಜವಾಗಿ ನಡೆದದ್ದು ಅವತ್ತು.

"ಮುಂದೆ ಎಡಕ್ಕೆ ತಿರುವು" ಎಂದರು ಅವರು. "ಎರಡನೇ ಗೇರಿಗೆ ತಗೋ. ಬಲಗಡೆ ಮೋರಿ ಇದೆ."

ತಿರುವು ಬಂತು, ಮೋರಿಯೂ ಬಂತು. ಪಟ್ಟಿಯ ಸಂದಿಯಿಂದ ನೋಡುತ್ತಿದ್ದಾರೋ ಎಂದು ತಿರುಗಿ ನೋಡಿದೆ. ಇಲ್ಲ. ಎಷ್ಟೋ ವರ್ಷ ಕೇಬಲ್ ಹಾಕಿಕೊಂಡು ಓಡಾಡಿದ ದಾರಿ, ಮೈಗೆ ಬಾಯಿಪಾಠವಾಗಿತ್ತು. ಅಡಿಕೆ ಬೇಯಿಸುವ ವಾಸನೆ ಬಂದಾಗ, "ಕೋಣಂದೂರು ಹತ್ರ ಬಂತು" ಎಂದರು. ಸೇತುವೆಯ ಕುಲುಕಿಗೆ, "ಇನ್ನು ಏರು" ಎಂದರು. ಕಣ್ಣು ನನ್ನದು, ದಾರಿ ಅವರದು, ಹೇಗೋ ಜೀಪು ಹೋಗುತ್ತಿತ್ತು.

ಒಂದು ಕಡೆ ಅವರು "ಈಗ ಬಲಕ್ಕೆ" ಎಂದರು. ರಸ್ತೆ ನೇರವಾಗಿತ್ತು.

"ಇಲ್ಲಿ ತಿರುವಿಲ್ಲ" ಎಂದೆ.

"ಇಲ್ವಾ?" ಎಂದು ಸುಮ್ಮನಾದರು. ಆ ಸುಮ್ಮನಿರುವಿಕೆಯಲ್ಲಿ ಅವರಿಗೆ ಎಲ್ಲ ದಾರಿಯೂ ತಪ್ಪಿಹೋಯಿತು ಎಂದು ನನಗೆ ತಿಳಿಯಿತು. ಅಲ್ಲಿಂದ ಮುಂದೆ ಒಂದೂ ತಿರುವು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅವರ ಕೈ ಬಾಗಿಲಿನ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದೆ. ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿದೆ. ಇಷ್ಟು ವರ್ಷ ನಾನು ಕೂತ ಜಾಗದಲ್ಲಿ ಅವರು ನನ್ನ ಹಾಗೆಯೇ ಕೂತಿದ್ದರು. ಆಗ ನಾನು ತಿರುವು ಹೇಳತೊಡಗಿದೆ. ಈಗ ಎಡಕ್ಕೆ, ಈಗ ಒಂದು ಆಟೋ ಬಂತು, ಈಗ ಹೋಯಿತು, ಈಗ ರಿಪ್ಪನ್‌ಪೇಟೆಯ ದೀಪ ಕಾಣುತ್ತಿದೆ. ಮನೆ ಬರುವವರೆಗೆ ಬಾಯಿ ಮುಚ್ಚಲಿಲ್ಲ.

ಮಾರನೆಯ ಬೆಳಿಗ್ಗೆ ಕೈ ತೊಳೆದುಕೊಂಡು ಪಟ್ಟಿ ಬಿಚ್ಚಿದೆ. ಅತ್ತೆ ಒಳಗೆ ಬರಲಿಲ್ಲ. ದೇವರಿಗೆ ನೀರು ತರಬೇಕು ಎಂದು ಬಿಂದಿಗೆ ಹಿಡಿದು ಹಿತ್ತಿಲಿಗೆ ಹೋಗಿಬಿಟ್ಟಿದ್ದರು. ಮಗನ ಕಣ್ಣು ತೆರೆಯುವಾಗ ಎದುರಿಗಿರುವ ಧೈರ್ಯ ಅವರಿಗಿರಲಿಲ್ಲ. ಅಂಟು ಬಿಟ್ಟಿತು. ಅವರು ನಿಧಾನವಾಗಿ ರೆಪ್ಪೆ ಎತ್ತಿದರು. ಕಣ್ಣು ಕೆಂಪಗಿತ್ತು, ನೀರು ಸುರಿಯಿತು. "ಕಾಣ್ತದಾ?" ಎಂದು ಕೇಳಲು ನನ್ನ ನಾಲಿಗೆ ಏಳಲಿಲ್ಲ. ಆಸ್ಪತ್ರೆಯವರು ಕೊಟ್ಟ ಕರಿ ಕನ್ನಡಕವನ್ನು ನಾನು ಮುಂದೆ ಹಿಡಿದರೆ, ಅದನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತರು. ಗೋಡೆ ಹಿಡಿಯದೆ ಹಿತ್ತಿಲ ಬಾಗಿಲಿನವರೆಗೆ ನಡೆದರು. ನಾನು ಕೈಚಾಚಿಕೊಂಡು ಹಿಂದೆ ಹೋದೆ.

ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದರು. ಅತ್ತೆ ನಮಗೆ ಬೆನ್ನು ಮಾಡಿ, ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಮೆಟ್ಟುಗಲ್ಲಿಗೆ ಕಾಲೆತ್ತಿದ್ದರು.

"ಅವ್ವ, ನಿಲ್ಲು!" ಎಂದರು ಇವರು. "ಅಲ್ಲಿ ಕಾಲಿಡ್ಬೇಡ. ಹೊಳೀತಾ ಇದೆ."

ಅತ್ತೆ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟರು. ನಾನು ಹೋಗಿ ಬಾಗಿ ನೋಡಿದೆ. ಒಗೆದ ನೀರು ನಿಂತು ನಿಂತು ಕಲ್ಲಿನ ಮೇಲೆ ಎಳೆಯ ಹಾವಸೆ ಕಟ್ಟಿತ್ತು, ಬೆಳಗಿನ ಬೆಳಕಿಗೆ ಮಿನುಗುತ್ತಿತ್ತು. ದಿನಾ ಅದರ ಮೇಲೆ ಓಡಾಡುವವರು ನಾನು ಮತ್ತು ಅತ್ತೆ, ಎರಡೆರಡು ಕಣ್ಣಿನವರು. ನಮ್ಮಿಬ್ಬರಿಗೂ ಅದು ಕಂಡಿರಲಿಲ್ಲ.